ಡಬಲ್ ಟ್ರೇಲರ್ ಬಗ್ಗೆ ಒಂದು ಮಾತು

ಎಲ್ಲರಿಗೂ ನಮಸ್ಕಾರ. ಕಬ್ಬಿನ ಹಂಗಾಮು ಶುರುವಾಗಿದೆ, ಅದಕ್ಕೇ ಬರೀತಿದ್ದೀನಿ.

ನಿನ್ನೆ ರಾತ್ರಿ ಕಾರ್ಖಾನೆ ರಸ್ತೆಯಲ್ಲಿ ನನ್ನ ಮುಂದೆ ಎರಡು ಟ್ರೇಲರ್ ಹಾಕಿಕೊಂಡ ಟ್ರ್ಯಾಕ್ಟರ್ ಹೋಗ್ತಿತ್ತು. ಹಿಂದಿನ ಟ್ರೇಲರ್‌ಗೆ ಲೈಟಿಲ್ಲ, ಕೆಂಪು ರಿಫ್ಲೆಕ್ಟರೂ ಇಲ್ಲ. ಕಬ್ಬಿನ ತುದಿ ಹೊರಗೆ ಚಾಚಿಕೊಂಡಿತ್ತು. ಹತ್ತು ಅಡಿ ಹತ್ತಿರ ಹೋದ ಮೇಲೇ ನನ್ನ ಬೈಕಿನ ಬೆಳಕಿಗೆ ಅದು ಕಂಡಿದ್ದು. ಎದೆ ಧಸಕ್ಕಂತು.

ನಮ್ಮ ಟ್ರೇಲರ್‌ಗಳಲ್ಲಿ ಹೆಚ್ಚಿನವಕ್ಕೆ ಬ್ರೇಕೇ ಇಲ್ಲ, ಅಲ್ವಾ? ಅಷ್ಟೂ ಭಾರ ತಡೆಯಬೇಕಾದದ್ದು ಟ್ರ್ಯಾಕ್ಟರಿನ ಹಿಂದಿನ ಗಾಲಿಗಳು. ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಹಿಂದಿನ ಭಾರ ಮುಂದಕ್ಕೆ ನೂಕುತ್ತದೆ, ಟ್ರ್ಯಾಕ್ಟರ್ ಅಡ್ಡ ತಿರುಗುತ್ತದೆ. ಏರಿನಲ್ಲಿ ಮುಂದಿನ ಗಾಲಿ ಮೇಲೆದ್ದರೆ ಸ್ಟೇರಿಂಗ್ ಕೈಗೆ ಸಿಗೋದಿಲ್ಲ. ಇಳಿಜಾರಿಗೆ ಮುಂಚೆಯೇ ಸಣ್ಣ ಗೇರಿಗೆ ಹಾಕಿ. ನ್ಯೂಟ್ರಲ್ ಮಾತ್ರ ಬೇಡವೇ ಬೇಡ.

ಕಾನೂನಿನ ವಿಷಯ. ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೇಲರ್ ಕೂಡ ವಾಹನವೇ. ಟ್ರ್ಯಾಕ್ಟರು, ಟ್ರೇಲರು ಎರಡಕ್ಕೂ ನೋಂದಣಿ ಇರಬೇಕು, ವಿಮೆಯಲ್ಲಿ ಎರಡೂ ಸೇರಿರಬೇಕು. ಟ್ರ್ಯಾಕ್ಟರಿಗೆ ಮಾತ್ರ ವಿಮೆ ಮಾಡಿಸಿ ಸುಮ್ನೆ ಕೂತರೆ, ಅಪಘಾತವಾದಾಗ ಪರಿಹಾರ ಮಾಲೀಕನ ತಲೆಗೇ ಬರಬಹುದು, ಹೊಲ ಮಾರುವ ಹಾಗಾಗುತ್ತದೆ. ಜಾಸ್ತಿ ಭಾರ ಹೇರಿದರೆ 2019ರ ತಿದ್ದುಪಡಿಯಂತೆ ದಂಡ 20,000 ರೂಪಾಯಿ, ಮೇಲೆ ಹೆಚ್ಚುವರಿ ಟನ್ನಿಗೆ 2,000.

ಎರಡನೇ ಟ್ರೇಲರ್ ಕಟ್ಟುವ ಮುಂಚೆ ಆರ್‌ಟಿಓ ಕಚೇರಿಯಲ್ಲಿ ಕೇಳಿಕೊಳ್ಳಿ. ಹಿಂದೆ ಅಂಟಿಸೋಕೆ ನನ್ನ ಹತ್ತಿರ ಕೆಂಪು ರಿಫ್ಲೆಕ್ಟರ್ ಟೇಪ್ ಇದೆ. ಬೇಕಾದವರು ಇವತ್ತು ಸಂಜೆ ಮನೆಗೆ ಬನ್ನಿ ಅಣ್ಣಂದಿರೇ, ದುಡ್ಡು ಬೇಡ.