ಸಂಜೆಯಾಗುತ್ತಲೇ ನಿಲ್ಲುತ್ತಿದ್ದ ತಂತ್ರಾಂಶವನ್ನು ನಿಲ್ಲದಂತೆ ಮಾಡಿದವರಿಗೆ

ನಾನು ಬರೆದ ದಾಸ್ತಾನು ಲೆಕ್ಕದ ಡೆಸ್ಕ್‌ಟಾಪ್ ತಂತ್ರಾಂಶದ ಆವೃತ್ತಿ 1.0 ಬಳಕೆಗೆ ಬಂದು ಈಗ ಮೂರು ತಿಂಗಳು ತುಂಬಿದೆ. ಆರು ಕಂಪ್ಯೂಟರ್‌ಗಳಲ್ಲಿ ಅದು ದಿನವಿಡೀ ತೆರೆದಿರುತ್ತದೆ, ಮತ್ತು ಈ ಮೂರು ತಿಂಗಳಲ್ಲಿ ಒಮ್ಮೆಯೂ ತಾನಾಗಿ ಮುಚ್ಚಿಕೊಂಡಿಲ್ಲ. ಬಳಸುವವರಿಗೆ ಇದು ಸಹಜವಾದ ಸಂಗತಿ, ಹಾಗೆಯೇ ಇರಬೇಕು ಕೂಡ. ಆದರೆ ಇದರ ಹಿಂದಿನ ಒಂದೂವರೆ ವರ್ಷದಲ್ಲಿ ಅಂತರ್ಜಾಲದಲ್ಲಿ ನಾನು ಕೇಳಿದ ಪ್ರಶ್ನೆಗಳನ್ನು ಓದಿ, ನನ್ನ ಕೋಡನ್ನು ತಮ್ಮ ಯಂತ್ರದಲ್ಲಿ ಓಡಿಸಿ ನೋಡಿ, ನನಗೆ ಉತ್ತರ ಬರೆದ ಹತ್ತಾರು ಪ್ರೋಗ್ರಾಮರ್‌ಗಳಿಗೆ ಅದು ಎಷ್ಟು ದೊಡ್ಡ ಸಂಗತಿಯೆಂದು ಗೊತ್ತಿದೆ. ಅವರಲ್ಲಿ ಹೆಚ್ಚಿನವರ ಮುಖ ನಾನು ಕಂಡಿಲ್ಲ. ಆಯಾ ಉತ್ತರದ ಕೆಳಗೆ ಒಂದು ಸಾಲಿನ ಧನ್ಯವಾದ ಹೇಳಿ ನಾನು ಮುಂದಿನ ಸಮಸ್ಯೆಗೆ ಹೋಗಿಬಿಡುತ್ತಿದ್ದೆ. ಆ ಸಾಲುಗಳು ಸಾಲದೆಂದು ತೋರಿದ್ದರಿಂದ ಈ ಬರಹ.

ಮೊದಲ ಪ್ರಶ್ನೆಯನ್ನು ನಾನು ಕೇಳಿದ ರೀತಿ ಇಂದಿಗೂ ನೆನಪಿದೆ. ವರದಿಯ ಗುಂಡಿ ಒತ್ತಿದೊಡನೆ ವಿಂಡೋ ಬೆಳ್ಳಗಾಗಿ, ಶೀರ್ಷಿಕೆಯ ಪಟ್ಟಿಯಲ್ಲಿ ‘ನಾಟ್ ರೆಸ್ಪಾಂಡಿಂಗ್’ ಎಂದು ಕಾಣಿಸಿಕೊಳ್ಳುತ್ತಿತ್ತು. ನಾನು ಆರುನೂರು ಸಾಲಿನ ಫಾರ್ಮ್ ಕೋಡನ್ನು ಇಡಿಯಾಗಿ ಅಂಟಿಸಿ, ‘ಕೆಲಸ ಮಾಡುತ್ತಿಲ್ಲ, ದಯವಿಟ್ಟು ಸರಿಪಡಿಸಿಕೊಡಿ’ ಎಂದಷ್ಟೇ ಬರೆದೆ. ಅದನ್ನು ಓದಿದವರೊಬ್ಬರು ಬೈಯಲಿಲ್ಲ, ಬಿಟ್ಟು ಹೋಗಲೂ ಇಲ್ಲ. ಅವರು ಮೂರು ಪ್ರಶ್ನೆ ಕೇಳಿದರು: ಯಾವ ಸಾಲಿನಲ್ಲಿ ನಿಲ್ಲುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ, ಡೇಟಾಬೇಸಿನಲ್ಲಿ ಹತ್ತೇ ದಾಖಲೆಗಳಿದ್ದಾಗಲೂ ನಿಲ್ಲುತ್ತದೆಯೇ. ಮೂರನೆಯ ಪ್ರಶ್ನೆಗೆ ಉತ್ತರ ಹುಡುಕುವಾಗಲೇ ನನಗೆ ಅರ್ಧ ವಿಷಯ ತಿಳಿದುಹೋಯಿತು. ಆ ವಿಂಡೋಗೆ ಬರುವ ಮೌಸ್, ಕೀಬೋರ್ಡ್ ಮತ್ತು ಚಿತ್ರಿಸುವ ಸಂದೇಶಗಳನ್ನೆಲ್ಲ ಒಂದೇ ಥ್ರೆಡ್, ಅಂದರೆ ಪ್ರೋಗ್ರಾಮಿನೊಳಗೆ ಒಂದಾದ ಮೇಲೊಂದು ಕೆಲಸ ಮಾಡುವ ಎಳೆ, ಸಾಲಾಗಿ ತೆಗೆದುಕೊಳ್ಳುತ್ತದೆ. ಇದೇ ಯುಐ ಥ್ರೆಡ್. ಆ ಥ್ರೆಡ್ಡನ್ನೇ ನಾನು ಡೇಟಾಬೇಸ್ ಕ್ವೆರಿಗೆ, ಅಂದರೆ ಮಾಹಿತಿ ಕೇಳುವ ಕೆಲಸಕ್ಕೆ, ಕಟ್ಟಿಹಾಕಿದ್ದೆ. ಸುಮಾರು 5 ಸೆಕೆಂಡು ಸಂದೇಶಗಳನ್ನು ತೆಗೆದುಕೊಳ್ಳದ ವಿಂಡೋವನ್ನು ವಿಂಡೋಸ್ ಸ್ಪಂದಿಸದ ವಿಂಡೋ ಎಂದು ಪರಿಗಣಿಸುತ್ತದೆ ಎಂಬುದನ್ನು ಅವರಿಂದಲೇ ಕಲಿತೆ.

ನಂತರ ಬೇರೆ ಥ್ರೆಡ್ ಬಳಸಿದೆ. ಆ ಥ್ರೆಡ್‌ನಿಂದಲೇ ಲೇಬಲ್ಲಿನ ಅಕ್ಷರ ಬದಲಿಸಲು ಹೋಗಿ, ಡಾಟ್‌ನೆಟ್‌ನಲ್ಲಿ ಡೆಸ್ಕ್‌ಟಾಪ್ ಕೆಲಸ ಮಾಡಿದ ಬಹುತೇಕರು ಒಮ್ಮೆಯಾದರೂ ಕಂಡಿರುವ ಕ್ರಾಸ್ ಥ್ರೆಡ್ ಎಕ್ಸೆಪ್ಶನ್, ಅಂದರೆ ಬೇರೆ ಥ್ರೆಡ್ ಪರದೆಯನ್ನು ಮುಟ್ಟಿತೆಂಬ ದೋಷ ಸಂದೇಶ, ಪಡೆದೆ. ಎಲ್ಲೋ ಕಂಡ ಒಂದು ಸಾಲನ್ನು ಸೇರಿಸಿ ಆ ತಪ್ಪನ್ನು ಹಿಡಿಯುವ ಪರೀಕ್ಷೆಯನ್ನೇ ಆಫ್ ಮಾಡಿದೆ, ಸಮಸ್ಯೆ ಮುಗಿಯಿತೆಂದು ಬರೆದೂಬಿಟ್ಟೆ. ಮರುದಿನ ಇನ್ನೊಬ್ಬರು ಬಹಳ ತಾಳ್ಮೆಯಿಂದ ವಿವರಿಸಿದರು: ಆ ಪರೀಕ್ಷೆ, ತಪ್ಪು ಹುಡುಕುವ ಸಾಧನವಾದ ಡಿಬಗರ್ ಜೊತೆಗಿರುವಾಗ ನನ್ನನ್ನು ಎಚ್ಚರಿಸಲೆಂದೇ ಇರುವುದು; ಅದನ್ನು ತೆಗೆದರೆ ತಪ್ಪು ಹೋಗುವುದಿಲ್ಲ, ತಪ್ಪಿನ ಸದ್ದು ಮಾತ್ರ ಹೋಗುತ್ತದೆ, ಬಳಕೆದಾರರ ಯಂತ್ರದಲ್ಲಿ ಯಾವಾಗಲೋ ಒಮ್ಮೆ ಕಾರಣ ಗೊತ್ತಾಗದಂತೆ ಪರದೆ ಕೆಡುತ್ತದೆ. ಇನ್ವೋಕ್ ಮೂಲಕ ಕೆಲಸವನ್ನು ಯುಐ ಥ್ರೆಡ್‌ಗೆ ಹಿಂತಿರುಗಿಸುವ ಹಳೆಯ ದಾರಿಯನ್ನೂ, 2012ರಲ್ಲಿ ಸಿ ಶಾರ್ಪ್ 5ರೊಂದಿಗೆ ಬಂದ, ಯುಐ ಥ್ರೆಡ್ಡನ್ನು ತಡೆಯದೆ ಕೆಲಸ ಮುಗಿಯುವುದನ್ನು ಕಾಯುವ ಅಸಿಂಕ್ ಮತ್ತು ಅವೇಟ್ ದಾರಿಯನ್ನೂ ಅವರು ಪಕ್ಕಪಕ್ಕದಲ್ಲಿ ಬರೆದು ತೋರಿಸಿದರು. ಜೊತೆಗೆ, ಅವೇಟ್ ಬರೆಯಬೇಕಾದಲ್ಲಿ ಅವಸರಕ್ಕೆ ರಿಸಲ್ಟ್ ಎಂದು ಬರೆದರೆ ಯುಐ ಥ್ರೆಡ್ ಕೆಲಸ ಮುಗಿಯಲೆಂದು ಕಾಯುತ್ತದೆ, ಕೆಲಸವು ಯುಐ ಥ್ರೆಡ್ ಬಿಡುವಾಗಲೆಂದು ಕಾಯುತ್ತದೆ, ಎರಡೂ ಹಾಗೇ ನಿಂತಿರುತ್ತವೆ ಎಂದು ನಾನು ಕೇಳದೆಯೇ ಮುಂಚಿತವಾಗಿ ಎಚ್ಚರಿಸಿದ್ದರು. ಎರಡು ವಾರದ ನಂತರ ನಾನು ನಿಖರವಾಗಿ ಅದೇ ತಪ್ಪನ್ನು ಮಾಡಿದಾಗ ಆ ಎಚ್ಚರಿಕೆಯ ಬೆಲೆ ತಿಳಿಯಿತು.

ಈಗ ಈ ಬರಹಕ್ಕೆ ಮುಖ್ಯ ಕಾರಣವಾದ ಸಮಸ್ಯೆಗೆ ಬರುತ್ತೇನೆ. ಬೆಳಿಗ್ಗೆ ತೆರೆದ ತಂತ್ರಾಂಶ ಸಂಜೆ ನಾಲ್ಕು ದಾಟುತ್ತಿದ್ದಂತೆ ಬೀಳುತ್ತಿತ್ತು. ‘ಜಿಡಿಐ ಪ್ಲಸ್‌ನಲ್ಲಿ ಜೆನೆರಿಕ್ ಎರರ್’ ಎಂಬ, ಏನನ್ನೂ ಹೇಳದ ಸಂದೇಶವೊಂದು ಬರುತ್ತಿತ್ತು. ಜಿಡಿಐ ಎಂದರೆ ವಿಂಡೋಸ್‌ನಲ್ಲಿ ಪರದೆಯ ಮೇಲೆ ಚಿತ್ರಿಸುವ ವ್ಯವಸ್ಥೆ. ತಪ್ಪು ಸಂಭವಿಸಿದ ಜಾಗವನ್ನು ತೋರಿಸುವ ಸ್ಟ್ಯಾಕ್ ಟ್ರೇಸ್ ಒಂದು ದಿನ ಮುದ್ರಣದ ಕೋಡನ್ನು ತೋರಿಸಿದರೆ ಮರುದಿನ ಗುಂಡಿಯೊಂದನ್ನು ಚಿತ್ರಿಸುವ ಕೋಡನ್ನು, ಇನ್ನೊಂದು ದಿನ ಕೇವಲ ಸಂದೇಶ ಪೆಟ್ಟಿಗೆ ತೆರೆಯುವ ಸಾಲನ್ನು ತೋರಿಸುತ್ತಿತ್ತು. ನನ್ನ ಯಂತ್ರದಲ್ಲಿ ಏನೂ ಆಗುತ್ತಿರಲಿಲ್ಲ, ಏಕೆಂದರೆ ನಾನು ಅದನ್ನು ಒಂದು ಗಂಟೆಗಿಂತ ಹೆಚ್ಚು ತೆರೆದಿಟ್ಟವನೇ ಅಲ್ಲ. ಬಳಸುತ್ತಿದ್ದವರು ಮಧ್ಯಾಹ್ನ ಒಮ್ಮೆ ಮುಚ್ಚಿ ತೆರೆಯುವುದನ್ನು ತಾವಾಗಿಯೇ ರೂಢಿ ಮಾಡಿಕೊಂಡಿದ್ದರು. ಅವರು ದೂರದೆ ಹೊಂದಿಕೊಂಡದ್ದು ನನಗೆ ಹೆಚ್ಚು ನೋವು ಕೊಟ್ಟಿತು.

ಈ ಬಾರಿ ಉತ್ತರಿಸಿದವರು ಬಹಳ ಅನುಭವಿಗಳೆಂದು ಅವರ ಮೊದಲ ವಾಕ್ಯದಲ್ಲೇ ಗೊತ್ತಾಯಿತು. ‘ಸ್ಟ್ಯಾಕ್ ಟ್ರೇಸ್ ದಿನಕ್ಕೊಂದು ಜಾಗ ತೋರಿಸುತ್ತಿದೆ ಎಂದರೆ ಆ ಜಾಗಗಳಲ್ಲಿ ತಪ್ಪಿಲ್ಲ, ಎಲ್ಲವೂ ಖಾಲಿಯಾದ ಮೇಲೆ ಕೇಳಲು ಬಂದವರು ಅವರು, ಖಾಲಿ ಮಾಡಿದವರನ್ನು ಹುಡುಕಿ’ ಎಂದು ಅವರು ಬರೆದರು. ಟಾಸ್ಕ್ ಮ್ಯಾನೇಜರಿನ ಡೀಟೇಲ್ಸ್ ಪುಟದಲ್ಲಿ ಜಿಡಿಐ ಆಬ್ಜೆಕ್ಟ್ಸ್ ಎಂಬ ಕಾಲಂ ಸೇರಿಸಿ, ಗಂಟೆಗೊಮ್ಮೆ ಅದರ ಸಂಖ್ಯೆಯನ್ನು ಬರೆದಿಡಲು ಹೇಳಿದರು. ಬೆಳಿಗ್ಗೆ 9 ಗಂಟೆಗೆ 190 ಇತ್ತು. ಮಧ್ಯಾಹ್ನ 1 ಗಂಟೆಗೆ 5,700ರ ಸುಮಾರು. ನಾಲ್ಕು ದಾಟಿ ಕೆಲವು ನಿಮಿಷಗಳಲ್ಲಿ 10,000ವನ್ನು ಮುಟ್ಟಿತು, ಆ ಕ್ಷಣವೇ ತಂತ್ರಾಂಶ ಬಿತ್ತು. ವಿಂಡೋಸ್‌ನಲ್ಲಿ ಒಂದು ಪ್ರೋಸೆಸ್‌ಗೆ ಸಾಮಾನ್ಯವಾಗಿ ಸಿಗುವ ಜಿಡಿಐ ಹ್ಯಾಂಡಲ್‌ಗಳ, ಅಂದರೆ ಇಂಥ ಚಿತ್ರಣದ ವಸ್ತುಗಳನ್ನು ಗುರುತಿಸುವ ಸಂಖ್ಯೆಗಳ, ಮಿತಿಯೇ 10,000. ತಿಂಗಳುಗಟ್ಟಲೆ ನೆರಳಿನಂತೆ ಕಾಡಿದ ಸಮಸ್ಯೆ ಒಂದು ಕಾಲಂನಲ್ಲಿ ಅಂಕಿಯಾಗಿ ಕಣ್ಣೆದುರು ಏರುತ್ತಿರುವುದನ್ನು ನೋಡಿದ ಆ ದಿನವನ್ನು ನಾನು ಮರೆಯಲಾರೆ.

ಆದರೆ ಖಾಲಿ ಮಾಡುತ್ತಿದ್ದ ಸಾಲು ಯಾವುದೆಂದು ಅವರು ಹೇಳಲಿಲ್ಲ. ನನ್ನ ಕೋಡನ್ನು ಕಾಣದೆ ಹೇಳಲು ಸಾಧ್ಯವೂ ಇರಲಿಲ್ಲ. ಇಡೀ ಪ್ರಾಜೆಕ್ಟನ್ನು ಕಳುಹಿಸಲೇ ಎಂದು ಕೇಳಿದ್ದಕ್ಕೆ, ಬೇಡ, ದೋಷವನ್ನು ಮಾತ್ರ ತೋರಿಸುವ ಹೊಸ ಪ್ರಾಜೆಕ್ಟ್ ಮಾಡಿ, ಒಂದೊಂದೇ ಭಾಗವನ್ನು ಅದಕ್ಕೆ ಸೇರಿಸುತ್ತ ಬನ್ನಿ, ಯಾವುದನ್ನು ಸೇರಿಸಿದಾಗ ಅಂಕಿ ಏರಲು ಶುರುವಾಗುತ್ತದೆಂದು ನೋಡಿ ಎಂದರು. ಎರಡು ರಾತ್ರಿ ಹಿಡಿಯಿತು. ಕೊನೆಗೆ ಉಳಿದದ್ದು ಒಂದು ಖಾಲಿ ಫಾರ್ಮ್, ಒಂದು ಟೈಮರ್, ಮತ್ತು ಬಾಕಿ ಇರುವ ಸರಕಿನ ಸಂಖ್ಯೆಯನ್ನು ಗಡಿಯಾರದ ಪಕ್ಕದ ಟ್ರೇ ಐಕಾನಿನ ಮೇಲೆ ಬರೆಯುತ್ತಿದ್ದ ಎಂಟು ಸಾಲು. ಕೆಲವು ಸೆಕೆಂಡಿಗೊಮ್ಮೆ ನಾನು ಒಂದು ಬಿಟ್‌ಮ್ಯಾಪ್ ಚಿತ್ರಿಸಿ, ಗೆಟ್‌ಎಚ್‌ಐಕಾನ್ ಎಂಬ ಮೆಥಡ್‌ನಿಂದ ಅದನ್ನು ಐಕಾನ್ ಮಾಡುತ್ತಿದ್ದೆ. ಬಿಟ್‌ಮ್ಯಾಪನ್ನು ಡಿಸ್ಪೋಸ್ ಮಾಡುತ್ತಿದ್ದೆ, ಅಂದರೆ ಕೆಲಸ ಮುಗಿದ ಮೇಲೆ ಬಿಟ್ಟುಕೊಡುತ್ತಿದ್ದೆ, ಐಕಾನನ್ನೂ ಡಿಸ್ಪೋಸ್ ಮಾಡುತ್ತಿದ್ದೆ. ಆದ್ದರಿಂದ ಆ ಸಾಲುಗಳ ಮೇಲೆ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಹ್ಯಾಂಡಲ್‌ನಿಂದ ಮಾಡಿದ ಐಕಾನ್ ಆ ಹ್ಯಾಂಡಲ್‌ಗೆ ತಾನು ಒಡೆಯನೆಂದು ತಿಳಿಯುವುದಿಲ್ಲ, ಹಾಗಾಗಿ ಅದರ ಡಿಸ್ಪೋಸ್ ಹ್ಯಾಂಡಲನ್ನು ಬಿಡುಗಡೆ ಮಾಡುವುದಿಲ್ಲ, ಬಳಕೆಯಾಗದ ಮೆಮೊರಿಯನ್ನು ತಾನಾಗಿ ತೆರವು ಮಾಡುವ ಗಾರ್ಬೇಜ್ ಕಲೆಕ್ಟರ್ ಅತ್ತ ತಿರುಗಿಯೂ ನೋಡುವುದಿಲ್ಲ, ಡಿಸ್ಟ್ರಾಯ್‌ಐಕಾನ್ ಎಂಬ ವಿಂಡೋಸ್ ಫಂಕ್ಷನ್ನನ್ನು ನಾವೇ ಕರೆಯಬೇಕು ಎಂಬುದನ್ನು ಅವರು ಆ ಚಿಕ್ಕ ಪ್ರಾಜೆಕ್ಟನ್ನು ತಮ್ಮ ಯಂತ್ರದಲ್ಲಿ ಓಡಿಸಿದ ಮೇಲೆ ವಿವರಿಸಿದರು. ಡಾಟ್‌ನೆಟ್‌ನಲ್ಲಿ ವಿಂಡೋಗಳನ್ನು ಕಟ್ಟಲು ಬಳಸುವ ವಿನ್‌ಫಾರ್ಮ್ಸ್‌ನ ಮೂಲ ಕೋಡ್ 2018ರ ಡಿಸೆಂಬರ್‌ನಲ್ಲಿ ಎಲ್ಲರಿಗೂ ತೆರೆದುಕೊಂಡಿರುವುದರಿಂದ, ಟ್ರೇ ಐಕಾನಿನ ಕ್ಲಾಸ್ ಕೂಡ ನಾವು ಕೊಟ್ಟ ಐಕಾನನ್ನು ನಮ್ಮ ಪರವಾಗಿ ನಾಶ ಮಾಡುವುದಿಲ್ಲ ಎಂಬುದನ್ನು ಆ ಕೋಡಿನಲ್ಲೇ ಬೆರಳಿಟ್ಟು ತೋರಿಸಿದರು. ಹೊಸ ಐಕಾನ್ ಕೊಟ್ಟ ಮೇಲೆಯೇ ಹಳೆಯ ಹ್ಯಾಂಡಲನ್ನು ನಾಶ ಮಾಡಬೇಕು, ಮೊದಲೇ ಮಾಡಬಾರದು ಎಂಬ ಕ್ರಮವನ್ನೂ ತಿಳಿಸಿದರು. ಸೇರಿಸಿದ್ದು ಒಂದೇ ಸಾಲು.

ಸಣ್ಣ ಸಹಾಯಗಳು ಇನ್ನೂ ಹಲವು. 64 ಬಿಟ್ ಆಫೀಸ್ ಇದ್ದ ಯಂತ್ರದಲ್ಲಿ ನನ್ನ 32 ಬಿಟ್ ಪ್ರೋಗ್ರಾಮಿಗೆ ಆಕ್ಸೆಸ್ ಡೇಟಾಬೇಸಿನ ಡ್ರೈವರ್ ಏಕೆ ಕಾಣುವುದಿಲ್ಲ ಎಂದು ಹತ್ತು ನಿಮಿಷದಲ್ಲಿ ಉತ್ತರಿಸಿದವರಿದ್ದಾರೆ. 96 ಡಿಪಿಐ (ಇಂಚಿಗೆ 96 ಚುಕ್ಕೆ) ಪರದೆಯಲ್ಲಿ ಜೋಡಿಸಿದ ಫಾರ್ಮ್ ಶೇಕಡ 150ರ ಸ್ಕೇಲಿಂಗ್ ಇರುವ ಪರದೆಯಲ್ಲಿ ಒಂದರ ಮೇಲೊಂದು ಬಿದ್ದಾಗ ದಾರಿ ತೋರಿದವರಿದ್ದಾರೆ. ದಿನಾಂಕವನ್ನು ಅಕ್ಷರಗಳಾಗಿ ಎಸ್‌ಕ್ಯೂಎಲ್‌ಗೆ (ಡೇಟಾಬೇಸಿಗೆ ಬರೆಯುವ ಆದೇಶಕ್ಕೆ) ಅಂಟಿಸದೆ ಪ್ಯಾರಾಮೀಟರ್ ಆಗಿ, ಅಂದರೆ ಪ್ರತ್ಯೇಕ ಮೌಲ್ಯವಾಗಿ, ಕಳುಹಿಸಿ ಎಂದು, ನಾನು ಕೇಳಿದ್ದು ಬೇರೆಯೇ ಪ್ರಶ್ನೆಯಾಗಿದ್ದರೂ, ಗಮನಿಸಿ ತಿದ್ದಿದವರಿದ್ದಾರೆ. ತಮ್ಮ ಸಮಸ್ಯೆ ಬಗೆಹರಿದ ಮೇಲೂ ಮರಳಿ ಬಂದು ಪರಿಹಾರವನ್ನು ಬರೆದಿಟ್ಟು ಹೋದವರಿಗೆ ನಾನು ವಿಶೇಷವಾಗಿ ಋಣಿ. ಅವರ ಆ ನಾಲ್ಕು ಸಾಲುಗಳಿಂದ ನನಗೆ ಎಷ್ಟೋ ರಾತ್ರಿಗಳು ಉಳಿದಿವೆ.

ಆರು ತಿಂಗಳ ಹಿಂದೆ ನಾನೂ ಉತ್ತರ ಬರೆಯಲು ಆರಂಭಿಸಿದೆ. ವಿಂಡೋ ಹೆಪ್ಪುಗಟ್ಟುತ್ತದೆ ಎಂದು ಕೇಳಿದ ಹೊಸಬರೊಬ್ಬರಿಗೆ, ಲೂಪಿನೊಳಗೆ, ಬಾಕಿ ಇರುವ ಸಂದೇಶಗಳನ್ನು ಆಗಲೇ ತೆಗೆದುಕೊಳ್ಳುವ ಡೂಇವೆಂಟ್ಸ್ ಕರೆಯಿರಿ ಎಂದು ಸಲಹೆ ಕೊಟ್ಟೆ. 1998ರ ವಿಬಿ 6ರ (ವಿಷುವಲ್ ಬೇಸಿಕ್ 6) ಕಾಲದಿಂದ ಡೆಸ್ಕ್‌ಟಾಪ್ ಕೆಲಸ ಮಾಡುತ್ತಿರುವ ಹಿರಿಯರೊಬ್ಬರು ಅದನ್ನು ಓದಿ ನನಗೆ ಪ್ರತ್ಯೇಕವಾಗಿ ಬರೆದರು. ಡೂಇವೆಂಟ್ಸ್ ಕರೆದಾಗ ವಿಂಡೋ ಜೀವಂತವಾಗಿ ಕಾಣುತ್ತದೆ ನಿಜ, ಆದರೆ ಮೊದಲ ಬಾರಿ ಉಳಿಸುವ ಕೆಲಸ ಇನ್ನೂ ಮುಗಿಯದಿರುವಾಗಲೇ ಬಳಕೆದಾರರು ಅದೇ ಗುಂಡಿಯನ್ನು ಮತ್ತೆ ಒತ್ತಬಲ್ಲರು, ಆಗ ಒಂದೇ ಬಿಲ್ ಎರಡು ಬಾರಿ ದಾಖಲಾಗುತ್ತದೆ ಎಂದು ತಮ್ಮದೇ ಹಳೆಯ ಅನುಭವವನ್ನು ಹೇಳಿದರು. ಎಲ್ಲರೆದುರು ನನ್ನನ್ನು ಖಂಡಿಸದೆ, ಉತ್ತರವನ್ನು ನಾನೇ ತಿದ್ದುವ ಅವಕಾಶ ಕೊಟ್ಟರು. ನಾನು ತಿದ್ದಿದೆ, ಏಕೆ ತಿದ್ದಿದೆ ಎಂಬುದನ್ನೂ ಬರೆದೆ. ಆ ಹಿರಿಯರಿಗೆ ನನ್ನ ನಮಸ್ಕಾರ. ಪ್ರಶ್ನೆ ಕೇಳುವವರ ಬಗ್ಗೆ ತಾಳ್ಮೆ ಇರುವವರನ್ನು ಬಹಳ ಮಂದಿ ನೋಡಿದ್ದೇನೆ, ತಪ್ಪು ಉತ್ತರ ಕೊಟ್ಟವರ ಬಗ್ಗೆಯೂ ಅಷ್ಟೇ ತಾಳ್ಮೆ ಇರುವವರು ಅಪರೂಪ.

ಕೊನೆಯದಾಗಿ, ಟ್ರೇ ಐಕಾನಿನ ವಿಷಯದಲ್ಲಿ ನನಗೆ ದಾರಿ ತೋರಿದವರಿಗೆ ಒಂದು ಉತ್ತರ ಬಾಕಿಯಿದೆ. ಡಿಸ್ಟ್ರಾಯ್‌ಐಕಾನ್ ಸಾಲನ್ನು ಸೇರಿಸಿದ ಮೇಲೆ ‘ಒಂದು ವಾರ ಮುಚ್ಚದೆ ಬಿಟ್ಟು, ಅಂಕಿ ಎಷ್ಟಿದೆ ತಿಳಿಸಿ’ ಎಂದು ತಾವು ಕೇಳಿದ್ದಿರಿ. ಬಿಡುಗಡೆಯ ಗಡಿಬಿಡಿಯಲ್ಲಿ ನಾನು ಅದನ್ನು ತಿಳಿಸಲೇ ಇಲ್ಲ, ಕ್ಷಮಿಸಬೇಕು. ಕಳೆದ ವಾರ ಒಂದು ಯಂತ್ರದಲ್ಲಿ ತಂತ್ರಾಂಶವನ್ನು ಮುಚ್ಚದೆ ಹಾಗೆಯೇ ಬಿಟ್ಟಿದ್ದೆ. ಸೋಮವಾರ ಬೆಳಿಗ್ಗೆ ಆ ಕಾಲಂನಲ್ಲಿ 194 ಇತ್ತು. ಮುಂದಿನ ಸೋಮವಾರ ಬೆಳಿಗ್ಗೆ ನೋಡಿದಾಗ 197 ಇತ್ತು, ತೆರೆದಿದ್ದ ಒಂದು ವರದಿಯನ್ನು ಮುಚ್ಚಿದ ಮೇಲೆ ಮತ್ತೆ 194ಕ್ಕೆ ಇಳಿಯಿತು.