ಮಗಳಿಗೊಂದು ಪತ್ರ: ಕೆಂಪು ಬಸ್ಸು ಹತ್ತಿ ಹೋಗಿ ಬಾ

ದಾವಣಗೆರೆ

ಪ್ರೀತಿಯ ಪುಟ್ಟಿ,

ಕೆಲಸ ಹೋಗಿದೆ, ಇನ್ನೊಂದು ಸಿಗುವವರೆಗೆ ಅಂಡಮಾನ್ ಕಡೆ ತಿರುಗಿ ಬರಲಾ ಅಂತ ನಿನ್ನೆ ನೀನು ಫೋನ್ ಮಾಡಿ ಕೇಳಿದಾಗ ಪಕ್ಕದಲ್ಲೇ ನಿನ್ನ ದೊಡ್ಡಪ್ಪ ಕೂತಿದ್ದರು. ಅದಕ್ಕೇ ಹೂಂ ಹೂಂ ಅಂದು ಇಟ್ಟುಬಿಟ್ಟೆ. ಕೆಲಸ ಹೋದ ಹುಡುಗಿ ಊರೂರು ಸುತ್ತುತ್ತಾಳಂತೆ ಅಂತ ಅವರು ನಾಲ್ಕು ಮನೆಗೆ ಸುದ್ದಿ ಮುಟ್ಟಿಸುವುದು ಬೇಡ. ಈಗ ನಿಧಾನವಾಗಿ ಬರೀತಿದ್ದೀನಿ.

ಹೋಗು. ಆದರೆ ಅಂಡಮಾನ್ ಈಗ ಬೇಡ. ವಿಮಾನ, ಹಡಗು ಎಲ್ಲಾ ಮೊದಲೇ ಬುಕ್ ಮಾಡಬೇಕು. ನಡುವೆ ಇಂಟರ್‌ವ್ಯೂಗೆ ಕರೆದರೆ ಕಟ್ಟಿದ ದುಡ್ಡೂ ಹೋಯಿತು, ಸಮುದ್ರವೂ ಹೋಯಿತು. ಕರೆ ಬರುತ್ತೇನೋ ಅನ್ನುವ ಚಿಂತೆ ಕೊರೆಯುತ್ತಿದ್ದರೆ ಎಲ್ಲಿ ನಿಂತು ಏನು ನೋಡಿದರೂ ಕಣ್ಣಿಗೆ ಹತ್ತುವುದಿಲ್ಲ. ಅದಕ್ಕೆ ನಾನು ಹೇಳುವುದು ಒಂದೇ: ರಾತ್ರಿ ಹತ್ತಿದರೆ ಬೆಳಿಗ್ಗೆ ಬೆಂಗಳೂರು ಸಿಗುವಂಥ ದಾರಿಯಲ್ಲಿ ತಿರುಗು. ಹೊಸಪೇಟೆಯಿಂದ ಹಂಪಿ ಎಕ್ಸ್‌ಪ್ರೆಸ್ ಇದೆ. ಬಾದಾಮಿ, ವಿಜಯಪುರದ ಕಡೆಯಿಂದ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಇದೆ. ಈ ಎರಡು ರೈಲಿನ ನಡುವೆ ಎಷ್ಟು ದಿನ ಬೇಕಾದರೂ ಇರು. ಸ್ಲೀಪರಿನ ತತ್ಕಾಲ್ ಹಿಂದಿನ ದಿನ ಬೆಳಿಗ್ಗೆ 11ಕ್ಕೆ ತೆರೆಯುತ್ತದೆ, ಅಷ್ಟು ನೆನಪಿಟ್ಟುಕೋ.

ಮೊದಲು ಮನೆಗೆ ಬಾ. ಇಲ್ಲಿಂದ ಹರಪನಹಳ್ಳಿ ಮೇಲೆ ಹೊಸಪೇಟೆ ಬಸ್ಸು ಹತ್ತಿಸುತ್ತೇನೆ. ಕೆಂಪು ಬಸ್ಸೇ ಹತ್ತು. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಪುಕ್ಕಟೆ, ನೀನು ಮಾತ್ರ ಬೆಂಗಳೂರಿನಲ್ಲಿ ಇನ್ನೂ ಆಟೋಗೇ ಸುರೀತೀಯ. ನಮ್ಮ ಕೆಎಸ್‌ಆರ್‌ಟಿಸಿ ನಿಗಮದಲ್ಲಷ್ಟೇ ಅಲ್ಲ, ಗದಗ, ಬಾಗಲಕೋಟೆ ಕಡೆ ಓಡುವ ವಾಯವ್ಯ ಸಾರಿಗೆಯವರ ಬಸ್ಸಿಗೂ ಕೊಪ್ಪಳ, ವಿಜಯಪುರದ ಕಲ್ಯಾಣ ಕರ್ನಾಟಕ ಸಾರಿಗೆಯವರ ಬಸ್ಸಿಗೂ ಅದೇ ನಿಯಮ. ರಾಜಹಂಸ, ಸ್ಲೀಪರ್, ಐರಾವತಕ್ಕೆ ನಡೆಯುವುದಿಲ್ಲ. ಆಧಾರ್ ಕೈಗೆ ಸಿಗುವ ಹಾಗೆ ಇಟ್ಟುಕೋ. ಮತ್ತೆ, ದುಡ್ಡಿಲ್ಲವಲ್ಲ ಅಂತ ಟಿಕೆಟ್ ತಗೊಳ್ಳದೆ ಸುಮ್ಮನೆ ಕೂರಬೇಡ. ಶೂನ್ಯ ಟಿಕೆಟ್ ಕೇಳಿ ಹರಿಸಿಕೋ. ಆ ಟಿಕೆಟ್ಟಿನ ಲೆಕ್ಕದ ಮೇಲೇ ಸರ್ಕಾರ ನಿಗಮಕ್ಕೆ ದುಡ್ಡು ಕೊಡುವುದು. ಚೆಕಿಂಗ್‌ನವರು ಹತ್ತಿದರೆ ಮೆಮೊ ಬರುವುದು ಕಂಡಕ್ಟರಿಗೆ. ಇಡೀ ಸರ್ವಿಸ್ ಆ ಹೆದರಿಕೆಯಲ್ಲೇ ಕಳೆದವನ ಮಾತು ಇದು.

ಹಿಂದಿನ ಗಾಲಿ ಮೇಲಿನ ಸೀಟು ಬೇಡ, ಸೊಂಟ ಹಿಡಿಯುತ್ತದೆ. ಬೆಳಗಿನ ಹೊತ್ತು ಉತ್ತರಕ್ಕೆ ಹೋಗುವಾಗ ಎಡಗಡೆ ಕೂರು, ಬಿಸಿಲು ಬಲಕ್ಕೆ ಬೀಳುತ್ತದೆ. ಲ್ಯಾಪ್‌ಟಾಪನ್ನು ಮೇಲಿನ ರ‍್ಯಾಕಿನಲ್ಲಿ ಇಡಲೇಬೇಡ, ತೊಡೆ ಮೇಲಿರಲಿ.

ಹಂಪಿಯಲ್ಲಿ ಆಟೋದವರು ಎಲ್ಲಾ ತೋರಿಸ್ತೀವಿ ಅಂತ ಸುತ್ತುಗಟ್ಟುತ್ತಾರೆ. ನೀನು ವಿರೂಪಾಕ್ಷ ಗುಡಿಯಿಂದ ಹೊಳೆ ದಂಡೆ ಹಿಡಿದು ವಿಠ್ಠಲ ಗುಡಿಗೆ ನಡೆದೇ ಹೋಗು. ಅಲ್ಲಿ 40 ರೂಪಾಯಿ ಟಿಕೆಟ್. ಬಿಸಾಕಬೇಡ, ಅದೇ ದಿನ ಕಮಲ ಮಹಲಿನ ಕಡೆಗೂ ಅದೇ ನಡೆಯುತ್ತದೆ. ಮುಂದೆ ಕೊಪ್ಪಳದಲ್ಲಿ ಇಳಿದರೆ ಗವಿಮಠದಲ್ಲಿ ದಾಸೋಹ. ಪಂಕ್ತಿಯಲ್ಲಿ ಕೂತು ಉಣ್ಣುವುದಕ್ಕೆ ಮುಜುಗರ ಬೇಡ, ಸಂಬಳ ಬರುವವರೂ ಅಲ್ಲೇ ಕೂತಿರುತ್ತಾರೆ. ಗದಗ ಇನ್ನು ಹತ್ತು ಹನ್ನೆರಡು ಕಿಲೋಮೀಟರ್ ಇರುವಾಗ ಲಕ್ಕುಂಡಿ. ಕಾರಿನವರು ಹೆದ್ದಾರಿಯಲ್ಲೇ ಸರ್ ಅಂತ ಹೋಗಿಬಿಡುತ್ತಾರೆ. ಅತ್ತಿಮಬ್ಬೆ ಕಟ್ಟಿಸಿದ ಬಸದಿ ಅಲ್ಲಿದೆ, ಸಾವಿರ ವರ್ಷದ್ದು. ನೋಡಿಕೊಂಡು ಮುಂದಿನ ಬಸ್ಸು ಹಿಡಿ.

ಬಾದಾಮಿಗೆ ಮಾತ್ರ ಅವಸರ ಮಾಡಬೇಡ. ಮೂರನೇ ಗುಹೆಯಲ್ಲಿ ಚಾಲುಕ್ಯರ ಮಂಗಳೇಶನ ಶಾಸನ ಇದೆ, ಕ್ರಿ.ಶ. 578ರದ್ದು. ಮಧ್ಯಾಹ್ನದ ಊಟಕ್ಕೆ ಲಾಡ್ಜಿನ ಕೆಳಗಿನ ಹೋಟೆಲ್ ಬೇಡ, ಬನಶಂಕರಿಗೆ ಹೋಗು, ಐದು ಕಿಲೋಮೀಟರ್ ಅಷ್ಟೆ. ಹೊಂಡದ ಹತ್ತಿರ ಹೆಂಗಸರು ಬುಟ್ಟಿ ಇಟ್ಟುಕೊಂಡು ಕೂತಿರುತ್ತಾರೆ. ಕಡಕ್ ಜೋಳದ ರೊಟ್ಟಿ ಕೈಗೆ ಕೊಡುತ್ತಾರೆ, ಅದರ ಮೇಲೇ ಝುಣಕ, ಕೆಂಪು ಖಾರ, ಶೇಂಗಾ ಚಟ್ನಿ. ಮೊಸರು ಪುಟ್ಟ ಮಣ್ಣಿನ ಕುಡಿಕೆಯಲ್ಲಿ, ಬೋರಲು ಹಾಕಿದರೂ ಬೀಳದಷ್ಟು ಗಟ್ಟಿ. “ಇನ್ನೊಂದು ರೊಟ್ಟಿ ತಗೋ ಯವ್ವಾ” ಅಂದರೆ ಬೇಡ ಅನ್ನಬೇಡ. ಅವರ ಹತ್ತಿರ ಚೌಕಾಸಿಯನ್ನೂ ಮಾಡಬೇಡ. ಉಳಿತಾಯ ಅಲ್ಲಿ ಮಾಡುವುದಲ್ಲ.

ಪಟ್ಟದಕಲ್ಲು, ಐಹೊಳೆಗೆ ಬಸ್ಸು ಕಡಿಮೆ. ಬೆಳಿಗ್ಗೆ ಸ್ಟ್ಯಾಂಡಿನಲ್ಲಿ ಕಂಟ್ರೋಲರನ್ನು ಕೇಳಿಕೊಂಡೇ ಹೊರಡು, ಸಂಜೆ ಕೊನೇ ಬಸ್ಸು ಎಷ್ಟು ಹೊತ್ತಿಗೆ ಅನ್ನುವುದನ್ನೂ ಕೇಳು. ಆ ಮಾಹಿತಿ ಗೂಗಲ್‌ಗಿಂತ ಅವರಿಗೇ ಚೆನ್ನಾಗಿ ಗೊತ್ತು. ಗೋಲಗುಂಬಜಿಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗು. ಡಿಸೆಂಬರ್ ಅಂದರೆ ಶಾಲೆಯವರ ಪ್ರವಾಸದ ತಿಂಗಳು. ಹುಡುಗರು ಮೇಲೆ ಹತ್ತಿ ಕೂಗು ಶುರುಮಾಡಿದರೆ ಪಿಸುಗುಟ್ಟಿದ್ದು ಎಲ್ಲಿ ಕೇಳಬೇಕು.

ಕತ್ತಲಾಗುವ ಮೊದಲು ಊರು ಸೇರು. ಲಾಡ್ಜು ಬಸ್ ಸ್ಟ್ಯಾಂಡಿಗೆ ಹತ್ತಿರ ಇರಲಿ, ಅಡ್ವಾನ್ಸ್ ಕೊಡುವ ಮೊದಲು ರೂಮಿನ ಚಿಲಕ ಹಾಕಿ ನೋಡು. ನೂರು ಇನ್ನೂರು ಉಳಿಸುವುದಕ್ಕೆ ಒಳಗಲ್ಲಿಯ ರೂಮು ಬೇಡ. ಈ ಒಂದು ವಿಷಯದಲ್ಲಿ ನಾನು ಜುಗ್ಗ ಅಲ್ಲ, ಕಡಿಮೆ ಬಿದ್ದರೆ ಫೋನ್ ಮಾಡು, ಅಮ್ಮನಿಗೆ ಹೇಳುವುದಿಲ್ಲ.

ಇನ್ನು ಲೆಕ್ಕ. ಪಿಎಫ್ ಮುಟ್ಟಬೇಡ. ಮೂರು ತಿಂಗಳ ಬಾಡಿಗೆ ಬೇರೆ ಖಾತೆಯಲ್ಲಿಟ್ಟು ಬಾ, ತಿರುಗಾಟದ ದುಡ್ಡು ಬೇರೆ ಇರಲಿ. ಕಂಪನಿ ಮಾಡಿಸಿದ್ದ ಆರೋಗ್ಯ ವಿಮೆ ಕೆಲಸದ ಜೊತೆಗೇ ಹೋಗಿರುತ್ತದೆ, ನಿನ್ನ ಹೆಸರಲ್ಲಿ ಒಂದು ಮಾಡಿಸಿಕೊಂಡೇ ಹೊರಡು. ಮುಂದೆ ಇಂಟರ್‌ವ್ಯೂನಲ್ಲಿ ಈ ತಿಂಗಳು ಏನು ಮಾಡ್ತಿದ್ರಿ ಅಂತ ಕೇಳಿದರೆ ತಿರುಗುತ್ತಿದ್ದೆ ಅನ್ನು. ಐದಾರು ವರ್ಷ ಕಂಪ್ಯೂಟರ್ ಮುಂದೆ ದುಡಿದವಳು ನೀನು, ಅದಕ್ಕೆ ನೆಪ ಹೇಳಬೇಕಾಗಿಲ್ಲ.

ಭಾನುವಾರ ಬಾ. ಸೋಮವಾರ ಹೊರಡುವುದು ಬೇಡ, ಸಂತೆಗೂ ಆಫೀಸಿಗೂ ಹೋಗುವವರು ತುಂಬಿ ಬಸ್ಸಿನಲ್ಲಿ ನಿಲ್ಲುವುದಕ್ಕೂ ಜಾಗ ಇರುವುದಿಲ್ಲ. ಮಂಗಳವಾರ ಬೆಳಿಗ್ಗೆ ಮೊದಲನೇ ಬಸ್ಸಿಗೆ ಹೊರಡು.

ನಿನ್ನ ಅಪ್ಪ