ಹೂ ಕಟ್ಟಿಸಿದವರಿಗೆ

ಈ ವರಮಹಾಲಕ್ಷ್ಮಿ ಹಬ್ಬಕ್ಕೆ ಕಳಶದ ಸೇವಂತಿಗೆ ಮಾಲೆಯನ್ನು ನಾನೇ ಕಟ್ಟಿದೆ. ಲಕ್ವ ಹೊಡೆದು ಎಡಗೈ ಸೋತ ಮೇಲೆ ಇದೇ ಮೊದಲ ಮಾಲೆ. ಫೋಟೊ ನೋಡಿ ಹಲವರು "ದೇವರು ದೊಡ್ಡವನು" ಎಂದಿರಿ. ದೇವರ ಪಾಲು ದೇವರಿಗೆ ಸಲ್ಲಿಸಿಯಾಗಿದೆ. ಉಳಿದವರ ಋಣವನ್ನು ಇಲ್ಲಿ ನೆನೆಯುತ್ತೇನೆ.

ಮೊದಲ ನಮಸ್ಕಾರ, ದಿನನಿತ್ಯದ ಕೆಲಸಗಳನ್ನು ಮತ್ತೆ ಮಾಡಲು ಕಲಿಸುವ ನನ್ನ ಆಕ್ಯುಪೇಷನಲ್ ಥೆರಪಿಸ್ಟ್‌ಗೆ. ಜೀವ ಉಳಿಸಿದ ಆಸ್ಪತ್ರೆಯವರು ಮನೆಗೆ ಕಳಿಸುವಾಗ ಹೀಗೊಂದು ಚಿಕಿತ್ಸೆ ಇದೆಯೆಂದು ಬಾಯಿ ಬಿಡಲಿಲ್ಲ. ನಡೆದಾಡಿದರೆ ಸಾಕೆಂಬಂತೆ ಫಿಸಿಯೋಥೆರಪಿಯ ಚೀಟಿಯೊಂದನ್ನು ಕೊಟ್ಟರು. ಈ ಥೆರಪಿಸ್ಟರ ವಿಳಾಸ ಸಿಕ್ಕಿದ್ದು ಪರಿಚಿತರೊಬ್ಬರಿಂದ. ಹೋದ ದಿನವೇ "ಯಾವ ಕೆಲಸ ಬಿಟ್ಟು ನಿಮಗೆ ಇರಲಾಗುವುದಿಲ್ಲ ಅಮ್ಮ?" ಎಂದು ಕೇಳಿದರು. ಹೂ ಕಟ್ಟುವುದು ಎಂದೆ. ನಗದೆ ಬರೆದುಕೊಂಡರು.

ಹೂ ಕಟ್ಟುವಾಗ ಎಡಗೈ ಬೆರಳುಗಳು ತೊಟ್ಟುಗಳನ್ನು ಜೋಡಿಸಿ ಹಿಡಿದಿರಬೇಕು, ಬಲಗೈ ದಾರ ಸುತ್ತಿ ಕುಣಿಕೆ ಬಿಗಿಯಬೇಕು. ಆ ಹಿಡಿತಕ್ಕಾಗಿ ಮೊದಲು ಬಟ್ಟೆ ಕ್ಲಿಪ್ ಒತ್ತಿಸಿದರು, ಆಮೇಲೆ ಚಪಾತಿ ಹಿಟ್ಟು ಚಿವುಟಿಸಿದರು, ಕೊನೆಗೆ ಉಲ್ಲನ್ ದಾರ ಮತ್ತು ದಪ್ಪ ತೊಟ್ಟಿನ ಸೇವಂತಿಗೆ ಕೊಟ್ಟರು. ಮಲ್ಲಿಗೆಗೆ ಇನ್ನೂ ಅಪ್ಪಣೆಯಾಗಿಲ್ಲ. ರವಿಕೆ ತೊಡುವಾಗ ಸೋತ ಕೈ ಮೊದಲು, ಬಿಚ್ಚುವಾಗ ಕೊನೆಗೆ. ಇಷ್ಟು ಸಣ್ಣ ಗುಟ್ಟು ತಿಳಿಯದೆ ನಾನು ಎಷ್ಟು ಅತ್ತಿದ್ದೇನೋ! ತರಕಾರಿ ಸಿಕ್ಕಿಸಲು ಮೊಳೆ ಹೊಡೆದ ಮಣೆಯೊಂದನ್ನೂ ಮಾಡಿಸಿಕೊಟ್ಟರು. ಈಗ ಒಂದೇ ಕೈಯಲ್ಲಿ ಆಲೂಗಡ್ಡೆ ಹೆಚ್ಚುತ್ತೇನೆ.

ಹಿಟ್ಟು ಚಿವುಟುತ್ತಲೇ ಅವರಿಂದ ಹಿರಿಯರ ಕಥೆ ಕೇಳಿದೆ. 1917ರಲ್ಲಿ ಅಮೆರಿಕದ ಕ್ಲಿಫ್ಟನ್ ಸ್ಪ್ರಿಂಗ್ಸ್‌ನಲ್ಲಿ ಈ ವೃತ್ತಿಗೊಂದು ಸಂಘ ಕಟ್ಟಲು ಕೂಡಿದವರಲ್ಲಿ ಜಾರ್ಜ್ ಬಾರ್ಟನ್ ಎಂಬ ವಾಸ್ತುಶಿಲ್ಪಿ ಇದ್ದರಂತೆ. ಅವರಿಗೂ ಎಡಭಾಗವೇ ಸ್ವಾಧೀನ ತಪ್ಪಿತ್ತು. ಮರಗೆಲಸ, ತೋಟಗೆಲಸ ಮಾಡುತ್ತಲೇ ಚೇತರಿಸಿಕೊಂಡವರು. ರೋಗಿಯೊಬ್ಬರೂ ಸೇರಿ ಕಟ್ಟಿದ ವೃತ್ತಿ ಎಂದು ಕೇಳಿ ನನಗೆ ತುಸು ಜಂಬವೇ ಬಂತು. ಭಾರತದಲ್ಲಿ ಇದಕ್ಕೆ ಬುನಾದಿ ಹಾಕಿದವರು ಕಮಲಾ ನಿಂಬ್ಕರ್. ಅಮೆರಿಕದಲ್ಲಿ ಎಲಿಜಬೆತ್ ಲಂಡಿಯಾಗಿ ಹುಟ್ಟಿ, ಭಾರತೀಯರೊಬ್ಬರನ್ನು ಮದುವೆಯಾಗಿ ಇಲ್ಲಿಯವರೇ ಆದ ಈ ತಾಯಿ 1950ರಲ್ಲಿ ಮುಂಬೈಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ತರಬೇತಿ ಶಾಲೆ ತೆರೆದರು. 1952ರಲ್ಲಿ ಈ ವೃತ್ತಿಯ ವಿಶ್ವ ಒಕ್ಕೂಟ ಹುಟ್ಟಿದಾಗ ಅದರ ಹತ್ತು ಸ್ಥಾಪಕ ದೇಶಗಳಲ್ಲಿ ನಮ್ಮದೂ ಒಂದು. ಇಷ್ಟು ಹಳೆಯ ವಿದ್ಯೆ, ಆದರೂ ನನ್ನ ಚೀಟಿಯಲ್ಲಿ ಅದರ ಹೆಸರಿರಲಿಲ್ಲ! ಆರೋಗ್ಯ ಸೇವೆಯ ವೃತ್ತಿಗಳಿಗಾಗಿ 2021ರಲ್ಲಿ ಬಂದ ಕೇಂದ್ರದ ಕಾಯ್ದೆಯಲ್ಲಿ ಈ ವೃತ್ತಿಗೂ ಜಾಗ ಸಿಕ್ಕಿದೆಯಂತೆ. ಚೀಟಿಗೂ ಬೇಗ ಬರಲಿ. ಅಲ್ಲಿಯವರೆಗೆ, ಮನೆಯಲ್ಲಿ ಯಾರಿಗಾದರೂ ಲಕ್ವ ಹೊಡೆದರೆ ನೀವೇ ಬಾಯಿಬಿಟ್ಟು ಕೇಳಿ.

ಕೊನೆಯ ಋಣ ಸೊಸೆಯದು. ನಾನು ಗುಂಡಿ ಹಾಕಿಕೊಳ್ಳಲು ಒದ್ದಾಡುವಾಗ ನೆರವಿಗೆ ಬರಕೂಡದೆಂದು ಅವಳಿಗೆ ಥೆರಪಿಸ್ಟ್ ಕಟ್ಟಪ್ಪಣೆ ಮಾಡಿದ್ದರು. ಪಾಪ, ಹಾಗೇ ನಡೆದುಕೊಂಡಳು. ಅತ್ತೆ ಪರದಾಡುತ್ತಿದ್ದರೂ ಸುಮ್ಮನೆ ಕೂರುವ ಸೊಸೆ ಎಂದು ನೆಂಟರ ಬಾಯಿಗೆ ಬಿದ್ದಳು. ಆ ಮಾತು ಆಡಿದವರು ಇದನ್ನು ಓದುತ್ತಿದ್ದರೆ, ಒಮ್ಮೆ ಅವಳಿಗೆ ಫೋನ್ ಮಾಡಿ.